ಕೋಡಿ ಕಡಲತೀರದಲ್ಲಿ ಹೂತ ಹಕ್ಕಿ

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನನ್ನ ಫೋನ್ ಹಟ ಹಿಡಿದು ಕೂತಿತ್ತು. ಜಾಗ ಇಲ್ಲ, ಏನಾದರೂ ಅಳಿಸು ಅಂತ. ಹೊರಗೆ ಜಯನಗರದ ಜಿಟಿಜಿಟಿ ಮಳೆ, ವಾಕಿಂಗಿಗೆ ಹೋಗೋ ಹಾಗಿಲ್ಲ. ಸರಿ ಅಂತ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಹಳೆಯ ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಾ ಹೋದೆ. ಯಾರದೋ ಮದುವೆಯ ಊಟದೆಲೆ, ಕರೆಂಟ್ ಬಿಲ್ಲು, ದೂರದ ನೆಂಟರು ಕಳಿಸಿದ ಶುಭೋದಯದ ಗುಲಾಬಿ... ಹೀಗೇ ಹೋಗ್ತಾ ಹೋಗ್ತಾ 2019ರ ಜುಲೈಗೆ ಬಂದಾಗ ಬೆರಳು ನಿಂತಿತು. ಒದ್ದೆ ಮರಳಿನ ಮೇಲೆ ಬಿದ್ದಿದ್ದ ಒಂದು ಹಕ್ಕಿ. ಮೇಲೆಲ್ಲ ಕಂದುಗಪ್ಪು, ಹೊಟ್ಟೆ ಬಿಳಿ. ಅಳತೆಗೆ ಅಂತ ಪಕ್ಕದಲ್ಲಿ ನನ್ನ ಹವಾಯಿ ಚಪ್ಪಲಿ.

ಆ ದಿನ ಚೆನ್ನಾಗಿ ನೆನಪಿದೆ. ನನ್ನ ಹೆಂಡತಿಯ ತವರು ಕುಂದಾಪುರದ ಹತ್ತಿರ ಕೋಟೇಶ್ವರ. ಮಳೆಗಾಲದಲ್ಲಿ ಅಲ್ಲಿಗೆ ಹೋದರೆ ಮನೆಯೊಳಗೆ ಕೂತು ಹಪ್ಪಳ ತಿನ್ನುವುದು ಬಿಟ್ಟು ಬೇರೆ ಕೆಲಸ ಇರೋದಿಲ್ಲ. ಎರಡು ಮಳೆಯ ನಡುವೆ ಸ್ವಲ್ಪ ಬಿಡುವು ಕೊಟ್ಟಾಗ ಮಗಳನ್ನು ಕರೆದುಕೊಂಡು ಕೋಡಿ ಕಡಲತೀರಕ್ಕೆ ಹೋಗಿದ್ದೆ. ಕಡಲು ಕೆಂಪು ಮಣ್ಣು ಕಲಸಿದ ಹಾಗಿತ್ತು. ಮೀನುಗಾರಿಕೆಗೆ ನಿಷೇಧದ ಕಾಲ, ಹಾಗಾಗಿ ಜನವೂ ಇಲ್ಲ. "ಅಪ್ಪಾ, ಬಾತುಕೋಳಿ ಸತ್ತೋಗಿದೆ" ಅಂತ ಅವಳೇ ಮೊದಲು ನೋಡಿದ್ದು. ಬಾತುಕೋಳಿ ಅಲ್ಲ ಅಂತ ನನಗೂ ಗೊತ್ತಾಯಿತು. ಕಾಲಿಗೆ ಜಾಲಪಾದ ಇತ್ತು, ಆದರೆ ಕೊಕ್ಕು ತೆಳ್ಳಗೆ, ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿತ್ತು. ಕೊಕ್ಕಿನ ಬುಡದಲ್ಲಿ ಎರಡು ಸಣ್ಣ ಕೊಳವೆ ಇಟ್ಟ ಹಾಗೆ ಮೂಗು. ಇಂಥ ಮೂಗಿನ ಹಕ್ಕಿಯನ್ನು ನಾನು ನೋಡೇ ಇರಲಿಲ್ಲ. ಎರಡು ಫೋಟೋ ತೆಗೆದೆ, ಒಂದು ಅಲುಗಿ ಹೋಗಿತ್ತು. ಮಗಳು ಅಳೋಕೆ ಶುರು ಮಾಡಿದಳು, ಕಾಗೆಗಳು ಬೇರೆ ಕಾಯುತ್ತಾ ಕೂತಿದ್ದವು. ಬಿದ್ದಿದ್ದ ತೆಂಗಿನ ಚಿಪ್ಪಿನಲ್ಲಿ ಇಬ್ಬರೂ ಮರಳು ಬಗೆದು ಅದನ್ನು ಹೂತೆವು. ಅವಳು ಮೇಲೆ ಬಳ್ಳಿಯ ನೇರಳೆ ಹೂವೊಂದನ್ನು ಇಟ್ಟಳು. ಮನೆಗೆ ಬಂದು ಹಪ್ಪಳ ತಿಂದೆವು. ಅಲ್ಲಿಗೆ ಮುಗೀತು ಅಂತ ನಾನಂದುಕೊಂಡಿದ್ದೆ.

ಆ ಫೋಟೋವನ್ನು ಅಳಿಸೋ ಮುಂಚೆ ಸುಮ್ಮನೆ ನನ್ನ ಪಕ್ಷಿವೀಕ್ಷಕ ಗೆಳೆಯನಿಗೆ ಕಳಿಸಿದೆ. ಅವನಿರೋದು ಜೆ.ಪಿ. ನಗರದ 7ನೇ ಹಂತದಲ್ಲಿ, ಪುಟ್ಟೇನಹಳ್ಳಿ ಕೆರೆಯ ಪಕ್ಕ. ಗುಳುಮುಳುಕ ಮೊಟ್ಟೆ ಇಟ್ಟರೆ ತನ್ನ ಮನೆಯಲ್ಲೇ ಬಾಣಂತನ ಅನ್ನೋ ಹಾಗೆ ಆಡೋ ಮನುಷ್ಯ. ಎರಡೇ ನಿಮಿಷಕ್ಕೆ ಫೋನ್ ಬಂತು. "ಲೋ, ಇದು ಎಲ್ಲಿ ಸಿಕ್ತೋ? ಹಕ್ಕಿ ಎಲ್ಲಿದೆ?"

"ಹೂತು ಹಾಕಿದ್ವಿ ಕಣೋ. ಆಗಲೇ ಎಷ್ಟೋ ವರ್ಷ ಆಯ್ತು."

"ಒಂದು ಗರಿ ಕೂಡ ಉಳಿಸಿಲ್ವಾ?"

"ಗರಿ ಯಾಕೋ?"

ಆ ಕಡೆಯಿಂದ ಬಂದ ನಿಟ್ಟುಸಿರು ಇನ್ನೂ ನನ್ನ ಕಿವಿಯಲ್ಲಿದೆ. ಸಂಜೆ ಮಳೆ ನಿಂತ ಮೇಲೆ ಕೆರೆಯ ಹತ್ತಿರ ಬಾ ಅಂದ. ಹೋದೆ. ಆವತ್ತು ಅವನು ಹೇಳಿದ್ದು, ಆಮೇಲೆ ಮೂರು ವಾರ ನಾನು ನಿದ್ದೆಗೆಟ್ಟು ಓದಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಜೀವಶಾಸ್ತ್ರದವನಲ್ಲ, ತಪ್ಪಿದ್ದರೆ ತಿದ್ದಿ.

ಅದು ಶಿಯರ್‌ವಾಟರ್ ಅನ್ನೋ ಜಾತಿಯ ಕಡಲಹಕ್ಕಿ. ನಮ್ಮ ಅರಬ್ಬೀ ಸಮುದ್ರದಲ್ಲಿ ಹೆಚ್ಚಾಗಿ ಇರೋದು ಪರ್ಷಿಯನ್ ಶಿಯರ್‌ವಾಟರ್, ಒಮಾನ್ ದೇಶದ ಕುರಿಯಾ ಮುರಿಯಾ ದ್ವೀಪಗಳಲ್ಲಿ ಮರಿ ಮಾಡುತ್ತದೆ. ಮಲ್ಪೆ, ಮಂಗಳೂರಿನಿಂದ ದೋಣಿ ಮಾಡಿಕೊಂಡು ಆಳ ಸಮುದ್ರಕ್ಕೆ ಹೋದ ಪಕ್ಷಿವೀಕ್ಷಕರು ಇದನ್ನು ನೋಡಿದ್ದಾರೆ. ನೀರಿಗೆ ರೆಕ್ಕೆಯ ತುದಿ ತಾಗಿತೋ ಇಲ್ಲವೋ ಅನ್ನೋ ಹಾಗೆ ಅಲೆಯ ಮೇಲೇ ಜಾರಿಕೊಂಡು ಹೋಗುತ್ತದಂತೆ. ಕೊಳವೆ ಮೂಗು ಈ ಬಳಗದ ಗುರುತು. ಕುಡಿಯೋದೆಲ್ಲ ಸಮುದ್ರದ ನೀರೇ ಆದ್ದರಿಂದ ಹೆಚ್ಚಾದ ಉಪ್ಪನ್ನು ತಲೆಯೊಳಗಿನ ಒಂದು ಗ್ರಂಥಿ ಸೋಸಿ ಮೂಗಿನಿಂದ ಹೊರಗೆ ಹಾಕುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. ನೆಲಕ್ಕೆ ಬರೋದು ಮರಿ ಮಾಡೋಕೆ ಮಾತ್ರ, ಅದೂ ಕತ್ತಲಾದ ಮೇಲೆ, ಬಂಡೆಯ ಸಂದಿಗೋ ನೆಲದ ಬಿಲಕ್ಕೋ. ಮುಂಗಾರಿನ ಗಾಳಿಗೆ ಸಿಕ್ಕಿ ಸೋತವು ಹೀಗೆ ದಡಕ್ಕೆ ಬಂದು ಬೀಳುತ್ತವೆ.

ಈ ಹಕ್ಕಿಯ ಹೆಸರಿನ ಕತೆ ಕೇಳಿ. 1872ರಲ್ಲಿ ಇದಕ್ಕೆ ಪಫಿನಸ್ ಪರ್ಸಿಕಸ್ ಅಂತ ಹೆಸರಿಟ್ಟವರು ಎ.ಒ. ಹ್ಯೂಮ್. ಹೌದು, ಶಾಲೆಯಲ್ಲಿ ಕಾಂಗ್ರೆಸ್ ಸ್ಥಾಪಕರು ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ ಹ್ಯೂಮ್. ಅವರಿಗೆ ಹಕ್ಕಿಗಳ ಹುಚ್ಚು ರಾಜಕೀಯಕ್ಕಿಂತ ಹಳೆಯದು. ಆಮೇಲೆ ಬಂದ ಪಂಡಿತರು, ಇದು ನೋಡೋಕೆ ಅಟ್ಲಾಂಟಿಕ್ ಕಡಲಿನ ಆಡುಬಾನ್ ಶಿಯರ್‌ವಾಟರ್ ಥರವೇ ಇದೆ, ಬೇರೆ ಹೆಸರು ಯಾಕೆ, ಅದರದ್ದೇ ಒಂದು ಉಪಜಾತಿ ಅನ್ನಿ ಸಾಕು ಅಂದರು. ನನ್ನ ಗೆಳೆಯನ ಅಟ್ಟದ ಮೇಲಿನ ಹಳೆಯ ಪುಸ್ತಕದಲ್ಲಿ ಹಾಗೇ ಇದೆ. 2004ರಲ್ಲಿ ಜೆರೆಮಿ ಆಸ್ಟಿನ್ ಮತ್ತು ಸಂಗಡಿಗರು ಪ್ರಪಂಚದ ಬೇರೆ ಬೇರೆ ಕಡೆಯ ಚಿಕ್ಕ ಶಿಯರ್‌ವಾಟರ್‌ಗಳ ಡಿಎನ್‌ಎ ತೆಗೆದು ಹೋಲಿಸಿದರು. ನೋಡಿದರೆ ಅಟ್ಲಾಂಟಿಕ್‌ನವು ಒಂದು ಕವಲು, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಬಿಸಿ ನೀರಿನವು ಇನ್ನೊಂದು ಕವಲು. ನಮ್ಮದು ಈ ಎರಡನೆಯದರಲ್ಲಿ. ಬಣ್ಣ ನೋಡಿ ಒಂದೇ ಮನೆಯವರು ಅಂದುಕೊಂಡವರು ಮನೆಯವರೇ ಆಗಿರಲಿಲ್ಲ. ಹ್ಯೂಮ್ ಕೊಟ್ಟ ಹೆಸರು ವಾಪಸ್ ಬಂತು.

ಡಿಎನ್‌ಎ ಇದನ್ನು ಹೇಗೆ ಹೇಳುತ್ತೆ ಅನ್ನೋದು ನನಗೆ ಅರ್ಥವಾಗಿದ್ದು ನಮ್ಮಜ್ಜಿಯ ಹಾಡಿನ ಪುಸ್ತಕದಿಂದ. ಅಜ್ಜಿ ಒಂದು ನೋಟ್ ಬುಕ್ಕಿನಲ್ಲಿ ಆರತಿ ಹಾಡು, ಹಸೆ ಹಾಡು ಎಲ್ಲ ಬರೆದಿಟ್ಟಿದ್ದರು. ಅದನ್ನು ನೋಡಿಕೊಂಡು ದೊಡ್ಡಮ್ಮ ಒಂದು ಪ್ರತಿ ಬರೆದುಕೊಂಡರು, ಚಿಕ್ಕಮ್ಮ ಒಂದು ಪ್ರತಿ. ದೊಡ್ಡಮ್ಮ ಒಂದು ಕಡೆ "ಮಲ್ಲಿಗೆ" ಅನ್ನೋದನ್ನು "ಮೆಲ್ಲಗೆ" ಅಂತ ಬರೆದುಬಿಟ್ಟರು. ಈವತ್ತಿಗೂ ದೊಡ್ಡಮ್ಮನ ಮಕ್ಕಳು, ಮೊಮ್ಮಕ್ಕಳು ಎಲ್ಲಿ ಹಾಡಿದರೂ ಅಲ್ಲಿ "ಮೆಲ್ಲಗೆ"ಯೇ. ಯಾರಾದರೂ ಗೊತ್ತಿಲ್ಲದವರು ಆ ಹಾಡು ಹೇಳಿದರೆ, ಆ ಒಂದು ಪದ ಕೇಳಿ ಇವರು ಯಾವ ಮನೆಯ ಕವಲು ಅಂತ ಹೇಳಬಹುದು. ಜೀವಕೋಶದೊಳಗೂ ಇದೇ ಆಗುತ್ತದೆ. ಮೈಟೊಕಾಂಡ್ರಿಯ ಅನ್ನೋ ಭಾಗದಲ್ಲಿರೋ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ, ಹಾಡಿನ ಪುಸ್ತಕ ಹೆಣ್ಣುಮಕ್ಕಳ ಕಡೆಯೇ ಹೋಗುವ ಹಾಗೆ. ಪ್ರತಿ ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ತಪ್ಪು ಹಾಗೇ ಮುಂದಿನ ತಲೆಮಾರಿಗೆ ಹೋಗುತ್ತದೆ. ಎರಡು ಹಕ್ಕಿಗಳ ನಡುವೆ ಎಷ್ಟು ಅಕ್ಷರ ವ್ಯತ್ಯಾಸ ಅಂತ ಎಣಿಸಿದರೆ ಅವರ ಅಜ್ಜಿಯರು ಎಷ್ಟು ಹಿಂದೆ ಬೇರೆಯಾದರು ಅನ್ನೋ ಅಂದಾಜು ಸಿಗುತ್ತದೆ. ಒಂದೇ ಪುಸ್ತಕ ನಂಬಿದರೆ ಎಡವೋದೂ ಉಂಟು, ಅದಕ್ಕೇ ಈಗ ಪೂರ್ತಿ ಜೀನೋಮ್ ಓದುವವರೂ ಇದ್ದಾರೆ. ಇದಕ್ಕೆಲ್ಲ ಬೇಕಾಗೋದು ಒಂದು ತೊಟ್ಟು ರಕ್ತ. ಅಥವಾ ಒಂದು ಗರಿಯ ಬುಡ. ನಾನು ಮರಳಿಗೆ ಹಾಕಿದ್ದು ಅದನ್ನೇ.

"ಸರಿ, ಎರಡು ಹೆಸರಿದ್ರೇನು, ಒಂದಿದ್ರೇನು? ಹಕ್ಕಿಗೆ ಅದರಿಂದ ಏನಾಗ್ಬೇಕು?" ಅಂತ ನಾನು ಕೇಳಿದೆ. ಅದಕ್ಕವನು ಅಜೋರ್ಸ್‌ನ ಕತೆ ಹೇಳಿದ. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇದೇ.

ಅಟ್ಲಾಂಟಿಕ್ ಸಾಗರದ ನಡುವೆ ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ದ್ವೀಪಗಳಿವೆ. ಅದರಲ್ಲಿ ಗ್ರಾಸಿಯೋಸಾ ಅನ್ನೋ ದ್ವೀಪದ ಪಕ್ಕ ಪ್ರಾಯಾ, ಬೈಶೋ ಅಂತ ಎರಡು ಪುಟಾಣಿ ನಡುಗಡ್ಡೆಗಳು. ಅಲ್ಲಿ ಸ್ಟಾರ್ಮ್ ಪೆಟ್ರೆಲ್ ಅನ್ನೋ ಹಕ್ಕಿ ಗೂಡು ಮಾಡುತ್ತದೆ. ನಮ್ಮ ಗೊರವಂಕಕ್ಕಿಂತ ಚಿಕ್ಕದು, ಮೈಯೆಲ್ಲ ಕಪ್ಪು, ಬಾಲದ ಬುಡದಲ್ಲಿ ಒಂದು ಬಿಳಿ ಪಟ್ಟಿ. ಅಟ್ಲಾಂಟಿಕ್, ಪೆಸಿಫಿಕ್ ಎರಡರಲ್ಲೂ ಇದೇ ಥರದವು ಬೇಕಾದಷ್ಟಿವೆ, ಎಲ್ಲಕ್ಕೂ ಒಂದೇ ಹೆಸರಿತ್ತು. ಯಾರಿಗೂ ಚಿಂತೆ ಇರಲಿಲ್ಲ. ಲೂಯಿಸ್ ಮೊಂಟೇರೋ ಅನ್ನೋ ಅಲ್ಲಿನವರೇ ಆದ ವಿಜ್ಞಾನಿ ಒಂದು ವಿಚಿತ್ರ ಗಮನಿಸಿದರು. ಆ ನಡುಗಡ್ಡೆಯಲ್ಲಿ ಬೇಸಿಗೆಯಲ್ಲೂ ಮರಿಗಳಿವೆ, ಚಳಿಗಾಲದಲ್ಲೂ ಮರಿಗಳಿವೆ. ಒಂದೇ ಹಕ್ಕಿ ವರ್ಷಕ್ಕೆ ಎರಡು ಸಲ ಮರಿ ಮಾಡುತ್ತಾ? ಕಾಲಿಗೆ ಉಂಗುರ ಹಾಕಿ ನೋಡಿದರೆ ಹಾಗಲ್ಲ. ಬೇಸಿಗೆಯವರೇ ಬೇರೆ, ಚಳಿಗಾಲದವರೇ ಬೇರೆ. ಇವರು ಖಾಲಿ ಮಾಡಿದ ಬಿಲಕ್ಕೇ ಅವರು ಬಂದು ಸೇರಿಕೊಳ್ಳುವುದೂ ಉಂಟು.

ಇದನ್ನು ಕೇಳಿದಾಗ ನನಗೆ ಬಿಟಿಎಂ ಲೇಔಟಿನ ಪಿಜಿ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದ ಪಿಜಿಯಲ್ಲಿ ಒಂದು ಮಂಚಕ್ಕೆ ಇಬ್ಬರು ಬಾಡಿಗೆದಾರರು. ಹಗಲು ಪಾಳಿಯ ನಾನು, ರಾತ್ರಿ ಪಾಳಿಯ ಇನ್ನೊಬ್ಬ. ಆರು ತಿಂಗಳು ಒಂದೇ ದಿಂಬಿನ ಮೇಲೆ ತಲೆ ಇಟ್ಟರೂ ನಾನು ಅವನ ಮುಖ ಸರಿಯಾಗಿ ನೋಡಿದ್ದು ಎರಡೋ ಮೂರೋ ಸಲ :-) ಹೀಗೇ ಸಾವಿರಾರು ವರ್ಷ ನಡೆದರೆ ಏನಾಗುತ್ತೆ? ಜಗಳ ಇಲ್ಲ, ನಡುವೆ ಬೆಟ್ಟ ಇಲ್ಲ, ಗೋಡೆ ಇಲ್ಲ. ಬರೀ ಕ್ಯಾಲೆಂಡರ್ ಅಷ್ಟೇ ನಡುವೆ. ಆದರೂ ಮದುವೆ ಸಂಬಂಧ ಆಗೋ ಹಾಗಿಲ್ಲ.

ಮೊಂಟೇರೋ ಈ ಅನುಮಾನವನ್ನು 1998ರಲ್ಲಿ ರಾಬರ್ಟ್ ಫರ್ನೆಸ್ ಜೊತೆ ಸೇರಿ ಬರೆದರು. 1999ರ ಡಿಸೆಂಬರಿನಲ್ಲಿ ಅಜೋರ್ಸ್‌ನಲ್ಲೇ ನಡೆದ ಒಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೆಲಸ ಅರ್ಧಕ್ಕೆ ನಿಂತಿತು. ಅದನ್ನು ಜೊತೆಗಾರರು ಎತ್ತಿಕೊಂಡರು. ಕೆನಡಾದ ವಿಕಿ ಫ್ರೀಸನ್ ಮತ್ತು ತಂಡ 2007ರಲ್ಲಿ ಡಿಎನ್‌ಎ ಫಲಿತಾಂಶ ಪ್ರಕಟಿಸಿದಾಗ ಸತ್ತು ಎಂಟು ವರ್ಷವಾಗಿದ್ದ ಮೊಂಟೇರೋ ಹೆಸರೂ ಲೇಖಕರ ಸಾಲಿನಲ್ಲಿತ್ತು. ಎರಡು ಗುಂಪುಗಳ ಜೀನುಗಳು ಬೆರೆಯುತ್ತಿಲ್ಲ ಅನ್ನೋದು ಖಚಿತವಾಯಿತು. ಕೂಗಿನಲ್ಲೂ ವ್ಯತ್ಯಾಸ, ಒಬ್ಬರ ಕೂಗಿಗೆ ಇನ್ನೊಬ್ಬರು ಓಗೊಡುವುದು ಕಡಿಮೆ. 2008ರಲ್ಲಿ ಬೇಸಿಗೆಯ ಹಕ್ಕಿಗೆ ಮೊಂಟೇರೋ ಅವರ ಹೆಸರನ್ನೇ ಇಟ್ಟರು. ಈಗ ಎಣಿಸಿ. ಒಂದೇ ಹೆಸರಿದ್ದಾಗ ಲೆಕ್ಕವಿಲ್ಲದಷ್ಟು ಇದ್ದ ಹಕ್ಕಿ, ಹೆಸರು ಬೇರೆಯಾದಾಗ ಸುಮಾರು 250ರಿಂದ 300 ಜೋಡಿ! ಅದೂ ಬೆರಳೆಣಿಕೆಯ ನಡುಗಡ್ಡೆಗಳಲ್ಲಿ. ಒಂದು ಇಲಿ ದೋಣಿಯಿಂದಿಳಿದು ಹೋದರೆ ಸಾಕು. ಪ್ರಾಯಾದಲ್ಲಿ ಇವುಗಳಿಗಾಗಿ ಕೃತಕ ಗೂಡುಗಳನ್ನು ನೆಟ್ಟಿದ್ದಾರೆ, ದೊಡ್ಡ ಹಕ್ಕಿಗಳು ನುಗ್ಗಿ ಬಿಲ ಕಸಿಯದ ಹಾಗೆ ಬಾಯಿ ಚಿಕ್ಕದು ಮಾಡಿ. ಅವುಗಳಲ್ಲಿ ಸಂಸಾರ ನಡೆಯುತ್ತಿದೆ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಗುಂಪಿನಲ್ಲಿ ಗೋವಿಂದ ಆಗಿರೋವರೆಗೂ ಯಾರು ಕಮ್ಮಿಯಾದರು ಅನ್ನೋದೇ ಗೊತ್ತಾಗೋದಿಲ್ಲ.

ಕಡಲಹಕ್ಕಿಗಳಲ್ಲಿ ಈ ತೊಂದರೆ ಬೇರೆ ಹಕ್ಕಿಗಳಿಗಿಂತ ಜಾಸ್ತಿ ಅನ್ನಿಸುತ್ತೆ. ರೆಕ್ಕೆ ಇದೆ, ಸಮುದ್ರಕ್ಕೆ ಬೇಲಿ ಇಲ್ಲ, ಎಲ್ಲಿ ಬೇಕಾದರೂ ಹೋಗಿ ಸಂಸಾರ ಹೂಡಬಹುದು. ಆದರೆ ಸಾವಿರಾರು ಕಿಲೋಮೀಟರ್ ಅಲೆದರೂ ಮರಿ ಮಾಡೋ ಹೊತ್ತಿಗೆ ಬಹಳಷ್ಟು ಹಕ್ಕಿಗಳು ತಾವು ಹುಟ್ಟಿದ ದ್ವೀಪಕ್ಕೇ ವಾಪಸ್ ಬರುತ್ತವೆ. ಅಮೆರಿಕಾದಲ್ಲಿ ಇಪ್ಪತ್ತು ವರ್ಷ ಇದ್ದು ಮಗನ ಉಪನಯನ ಮಾತ್ರ ಊರಿನ ಮನೆಯಲ್ಲೇ ಆಗಬೇಕು ಅನ್ನೋರ ಹಾಗೆ. ಹಾಗಾಗಿ ಅಕ್ಕಪಕ್ಕದ ದ್ವೀಪದ ಹಕ್ಕಿಗಳೂ ಒಳಗೊಳಗೇ ಬೇರೆಯಾಗಿಬಿಟ್ಟಿರುತ್ತವೆ. ಹೊರಗಿನಿಂದ ನೋಡಿದರೆ ಎಲ್ಲಾ ಒಂದೇ ಕಪ್ಪು, ಒಂದೇ ಬಿಳುಪು. ಗೂಡಿಗೆ ಬರೋದು ರಾತ್ರಿ ಬೇರೆ, ಪತ್ತೆ ಮಾಡೋದು ಹೇಗೆ?

ಇನ್ನೊಂದು ಕತೆ ಹೇಳಿ ನನ್ನ ಹೊಟ್ಟೆ ಉರಿಸಿದ. 1963ರ ಫೆಬ್ರವರಿಯಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಒಂದು ಪುಟ್ಟ ಶಿಯರ್‌ವಾಟರ್ ಸಿಕ್ಕಿತು. ಲಿಟಲ್ ಶಿಯರ್‌ವಾಟರ್ ಅಂತ ಚೀಟಿ ಕಟ್ಟಿ ಮ್ಯೂಸಿಯಂನ ಡ್ರಾಯರಿನಲ್ಲಿಟ್ಟರು. ಅದು ಅಲ್ಲೇ ಸುಮಾರು ಐವತ್ತು ವರ್ಷ ಮಲಗಿತ್ತು. ಪೀಟರ್ ಪೈಲ್ ಅನ್ನೋರು ಅದನ್ನು ನೋಡಿ, ಅಳತೆ ಯಾಕೋ ಹೊಂದುತ್ತಿಲ್ಲವಲ್ಲ ಅಂದುಕೊಂಡರು. ಆಂಡ್ರಿಯಾನಾ ವೆಲ್ಚ್, ರಾಬರ್ಟ್ ಫ್ಲೈಶರ್ ಜೊತೆಗೂಡಿ ಡಿಎನ್‌ಎ ತೆಗೆದು ನೋಡಿದರೆ ಗೊತ್ತಿರೋ ಯಾವ ಶಿಯರ್‌ವಾಟರಿಗೂ ತಾಳೆಯಾಗಲಿಲ್ಲ. 2011ರಲ್ಲಿ ಬ್ರಯಾನ್ಸ್ ಶಿಯರ್‌ವಾಟರ್ ಅಂತ ಹೊಸ ಹೆಸರಿಟ್ಟರು. ಬ್ರಯಾನ್ ಅಂದರೆ ಹವಾಯಿಯ ಬಿಷಪ್ ಮ್ಯೂಸಿಯಂನಲ್ಲಿ ಕ್ಯುರೇಟರ್ ಆಗಿದ್ದವರು, ಪೈಲ್ ಅವರ ತಾತ. ತಾತನ ಹೆಸರನ್ನು ಮೊಮ್ಮಗನಿಗೆ ಇಡೋದು ನಮ್ಮಲ್ಲಿ ಪದ್ಧತಿ. ಇಲ್ಲಿ ಮೊಮ್ಮಗ ಹಕ್ಕಿಗೆ ಇಟ್ಟ.

ಹೆಸರಂತೂ ಬಂತು, ಆದರೆ ಹಕ್ಕಿ ಬದುಕಿದೆಯಾ? ಹುಟ್ಟಿದ್ದಕ್ಕೂ ಮುಗಿದು ಹೋಗಿದ್ದಕ್ಕೂ ಒಂದೇ ದಿನ ಸುದ್ದಿ ಆಗಿಬಿಡುತ್ತೇನೋ ಅನ್ನೋ ಭಯ. ಆಗ ಜಪಾನಿನವರು ಮುಂದೆ ಬಂದರು. ಅವರ ಒಗಸವಾರ ದ್ವೀಪಗಳಲ್ಲಿ 1997ರಿಂದ 2011ರ ನಡುವೆ, ಯಾವುದು ಅಂತ ಗೊತ್ತಾಗದ ಆರು ಪುಟ್ಟ ಶಿಯರ್‌ವಾಟರ್‌ಗಳು ಸಿಕ್ಕಿದ್ದವು. ಕೆಲವು ಜೀವಂತ, ಕೆಲವು ಸತ್ತವು. ಯಾರೋ ಪುಣ್ಯಾತ್ಮರು ಎಸೆಯದೇ ಮಾದರಿ ಉಳಿಸಿಟ್ಟಿದ್ದರು. ಡಿಎನ್‌ಎ ಹೋಲಿಸಿದರೆ ಆರೂ ಬ್ರಯಾನ್ಸ್! 2012ರಲ್ಲಿ ಅದು ಪ್ರಕಟವಾಯಿತು. 2015ರಲ್ಲಿ ಅಲ್ಲಿಯ ಹಿಗಾಶಿಜಿಮಾ ಅನ್ನೋ ನಡುಗಡ್ಡೆಯಲ್ಲಿ ಅವು ಗೂಡು ಮಾಡೋ ಜಾಗವೂ ಸಿಕ್ಕಿತು.

ಆ ಹಕ್ಕಿಗಳು ಸಿಕ್ಕಾಗ ಅವು ಯಾವುವು ಅಂತ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವರು ಉಳಿಸಿದರು, ನಾನು ಚಿಪ್ಪಿನಲ್ಲಿ ಗುಂಡಿ ತೋಡಿದೆ. ನನ್ನ ಹಕ್ಕಿ ಹೊಸ ಜಾತಿ ಆಗಿತ್ತು ಅಂತ ನಾನು ಹೇಳ್ತಿಲ್ಲ. ಬಹುಮಟ್ಟಿಗೆ ಪರ್ಷಿಯನ್ನೇ ಇರುತ್ತೆ ಅಂತ ಗೆಳೆಯನೂ ಹೇಳಿದ. ಆದರೆ ರೆಕ್ಕೆ ಮುಚ್ಚಿಕೊಂಡಿದೆ, ಕಂಕುಳಿನ ಬಣ್ಣ ಕಾಣೋದಿಲ್ಲ, ಇನ್ನೊಂದು ಫೋಟೋ ಅಲುಗಿದೆ. ಪರ್ಷಿಯನ್ನೇ ಆಗಿದ್ದರೂ, ಹೋಲಿಸೋಕೆ ಬೇರೆ ದ್ವೀಪಗಳ ಮಾದರಿ ಇದ್ದರೆ, ಇದು ಯಾವ ದಂಡೆಯಲ್ಲಿ ಮೊಟ್ಟೆಯೊಡೆದು ಬಂದು ಕೋಡಿಯಲ್ಲಿ ಸತ್ತಿತು ಅಂತ ಆ ಗರಿ ಹೇಳುತ್ತಿತ್ತೋ ಏನೋ. ಈಗ ಆ ಮಾತಿಲ್ಲ.

"ಕಡಲು ಅಂದ್ರೆ ನಮಗೆ ದೂರದ ಮಾತು ಬಿಡು" ಅಂತ ನಾನು ಸಮಾಧಾನ ಮಾಡಿಕೊಳ್ಳೋಕೆ ಹೊರಟೆ. ಅವನು ಬಿಡಲಿಲ್ಲ. "ದ್ವೀಪಕ್ಕೆ ಸಮುದ್ರಾನೇ ಬೇಕು ಅಂತ ಯಾರೋ ಹೇಳಿದ್ದು? ಬಾಬಾಬುಡನ್‌ಗಿರಿಗೆ ಹೋಗಿದ್ದೀಯಲ್ಲ, ಅದೂ ಒಂದು ದ್ವೀಪಾನೇ" ಅಂದ.

ಪಶ್ಚಿಮಘಟ್ಟದ ಎತ್ತರದ ಬೆಟ್ಟಗಳ ಮಡಿಲಲ್ಲಿ ಶೋಲಾ ಕಾಡುಗಳಿವೆಯಲ್ಲ, ಅಲ್ಲಿಯ ತಂಪಿಗೆ ಒಗ್ಗಿದ ಹಕ್ಕಿಗಳಿಗೆ ಕೆಳಗಿನ ಬಿಸಿಲ ಕಣಿವೆಯೇ ಸಮುದ್ರ. ದಾಟಿ ಹೋಗೋದಿಲ್ಲ. ಅಲ್ಲಿ ನೆಲದ ಹತ್ತಿರ ಪೊದೆಗಳಲ್ಲಿ ಓಡಾಡೋ ಒಂದು ನೀಲಿ ಹಕ್ಕಿ ಇದೆ. ಒಬ್ಬರು ಶಾರ್ಟ್‌ವಿಂಗ್ ಅಂದರು, ಇನ್ನೊಬ್ಬರು ನೀಲಿ ರಾಬಿನ್ ಅಂದರು, ಒಂದು ಕಾಲದ ಪುಸ್ತಕಗಳಲ್ಲಿ ಬಾಬಾಬುಡನ್‌ನಿಂದ ಕೇರಳದ ತುದಿಯವರೆಗೆ ಎಲ್ಲವೂ ಒಂದೇ ಜಾತಿ. ನಮ್ಮ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ (ಜಿಕೆವಿಕೆ ಆವರಣದಲ್ಲಿದೆ, ನಮ್ಮ ಜಯನಗರದವರಿಗೆ ಹೆಬ್ಬಾಳ ದಾಟಿದರೆ ಬೇರೆ ಜಿಲ್ಲೆ ಬಂದ ಹಾಗೆ) ವಿ.ವಿ. ರಾಬಿನ್, ಉಮಾ ರಾಮಕೃಷ್ಣನ್ ಮುಂತಾದವರು ಈ ಹಕ್ಕಿಯ ಬೆನ್ನು ಹತ್ತಿದರು. ಬೆಟ್ಟ ಬೆಟ್ಟ ಹತ್ತಿ, ಬಲೆ ಕಟ್ಟಿ ಹಿಡಿದು, ಒಂದು ತೊಟ್ಟು ರಕ್ತ ತೆಗೆದು, ವಾಪಸ್ ಬಿಟ್ಟರು. ಪಾಲಕ್ಕಾಡ್ ಕಣಿವೆಯ ಉತ್ತರದವು, ದಕ್ಷಿಣದವು ಲಕ್ಷಾಂತರ ವರ್ಷಗಳ ಹಿಂದೆಯೇ ಬೇರೆಯಾಗಿವೆ ಅನ್ನೋದು 2010ರ ಅವರ ಬರಹದಲ್ಲಿತ್ತು. 2017ರಲ್ಲಿ ಇನ್ನೂ ದೊಡ್ಡ ಸುದ್ದಿ ಕೊಟ್ಟರು. ಇವು ಶಾರ್ಟ್‌ವಿಂಗ್ ಅಲ್ಲ, ರಾಬಿನ್ ಅಲ್ಲ, ನೀಲಿ ನೊಣಹಿಡುಕಗಳಿಗೆ ಹತ್ತಿರದ, ಬೇರೆಲ್ಲೂ ಇಲ್ಲದ ಒಂದು ಹೊಸ ಕುಲ ಅಂತ. ಅದಕ್ಕೆ ಶೋಲಿಕೋಲಾ ಅಂತ ಹೆಸರಿಟ್ಟರು. ನಮ್ಮ ಶೋಲಾ ಅನ್ನೋ ಪದ ಲ್ಯಾಟಿನ್ ಪಂಚೆ ಉಟ್ಟುಕೊಂಡು ವಿಜ್ಞಾನದ ಪುಸ್ತಕಕ್ಕೆ ಹೋಯಿತು! ಬಾಬಾಬುಡನ್, ನೀಲಗಿರಿ ಕಡೆಯದು ನೀಲಗಿರಿ ಶೋಲಾಕಿಲಿ. ತೀರಾ ದಕ್ಷಿಣದ ಅಶಂಬು ಬೆಟ್ಟಗಳದ್ದು ಅದುವರೆಗೆ ಹೆಸರೇ ಇಲ್ಲದ ಹೊಸ ಜಾತಿ. ಅದೇ ಬರಹದಲ್ಲಿ ಅಲ್ಲಿಯ ಚಿಲಪ್ಪನ್ ಹಕ್ಕಿಗಳಿಗೂ ಹೊಸ ಕುಲ ಸಿಕ್ಕಿತು. ಅವುಗಳಲ್ಲಿ ಬಾಣಾಸುರ ಚಿಲಪ್ಪನ್ ಇರೋದು ವಯನಾಡಿನ ಬಾಣಾಸುರ ಬೆಟ್ಟ, ನಮ್ಮ ಕೊಡಗಿನ ಬ್ರಹ್ಮಗಿರಿ, ಇಷ್ಟೇ ಸುತ್ತಮುತ್ತ. ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಬೆಟ್ಟದ ಮೇಲೆ ಒಂದು ಹೋಂಸ್ಟೇ ಜಾಸ್ತಿಯಾದರೂ ಅದಕ್ಕೆ ಲೆಕ್ಕ ಬರುತ್ತೆ.

ಹಾಗಂತ ಡಿಎನ್‌ಎ ಯಾವಾಗಲೂ ಹಕ್ಕಿಯ ಕಡೆಗೇ ಸಾಕ್ಷಿ ಹೇಳುತ್ತೆ ಅಂದುಕೊಳ್ಳಬೇಡಿ. ಮೆಡಿಟರೇನಿಯನ್ ಕಡಲಿನಲ್ಲಿ ಬಲೇರಿಕ್ ಶಿಯರ್‌ವಾಟರ್ ಅಂತ ಒಂದಿದೆ. ಮೀನಿನ ಗಾಳಕ್ಕೆ ಸಿಕ್ಕಿ, ದ್ವೀಪಗಳಲ್ಲಿ ಬೆಕ್ಕು ಇಲಿಗಳ ಬಾಯಿಗೆ ಬಿದ್ದು ತೀವ್ರ ಅಪಾಯದಲ್ಲಿರೋ ಹಕ್ಕಿ. ಅದರ ನೆಂಟ ಯೆಲ್ಕೋವನ್ ಶಿಯರ್‌ವಾಟರ್ ಜೊತೆ ಅದು ಬೆರೆಯುತ್ತಿದೆ ಅಂತ ಹಿಂದೆಯೇ ಗೊತ್ತಿತ್ತು. 2023ರಲ್ಲಿ ಬಂದ ಒಂದು ಜೀನೋಮ್ ಅಧ್ಯಯನ, ಇವೆರಡೂ ಬೇರೆ ಜಾತಿ ಅನ್ನುವಷ್ಟು ಬೇರೆಯಾಗಿಲ್ಲ ಅಂದಿತು. ಈಗ ಏನು ಮಾಡೋದು? ಎರಡನ್ನೂ ಸೇರಿಸಿದರೆ ಲೆಕ್ಕದಲ್ಲಿ ಸಂಖ್ಯೆ ಜಾಸ್ತಿ ಆಗಿಬಿಡುತ್ತೆ, ಆದರೆ ಬಲೇರಿಕ್ ದ್ವೀಪದ ಬಿಲದಲ್ಲಿ ಒಂದು ಮೊಟ್ಟೆಯೂ ಜಾಸ್ತಿ ಆಗಿರೋದಿಲ್ಲ. ಇದನ್ನು ಓದಿದಾಗ ಮೊದಲು ಕಿರಿಕಿರಿ ಆಯಿತು, ಸುಮ್ಮನೆ ಇರಬಾರದಿತ್ತಾ ಇವರು ಅಂತ. ಆಮೇಲೆ, ಇಷ್ಟವಾದ ಉತ್ತರ ಬಂದಾಗ ಮಾತ್ರ ತಕ್ಕಡಿ ಸರಿ ಇದೆ ಅನ್ನೋದು ನ್ಯಾಯ ಅಲ್ಲ ಅನ್ನಿಸಿತು. ಹೆಸರು ಒಂದಾದರೂ ಆ ದ್ವೀಪದ ಗುಂಪನ್ನು ಕಾಯಬಾರದು ಅಂತ ಯಾವ ಜೀನೂ ಹೇಳಿಲ್ಲವಲ್ಲ.

ಕೊನೆಗೆ ಅವನನ್ನು ಕೇಳಿದೆ, "ಮುಂದಿನ ಸಲ ಸಿಕ್ಕರೆ ಗರಿ ಕಿತ್ತು ತಂದು ಫ್ರಿಜ್ಜಿನಲ್ಲಿಡಲಾ?" ಬೈದ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂತ 1972ರಿಂದ ಒಂದಿದೆ, ಕಾಡುಪ್ರಾಣಿ ಹಕ್ಕಿಗಳನ್ನಾಗಲಿ ಅವುಗಳ ಕಳೇಬರವನ್ನಾಗಲಿ ಮನೆಯಲ್ಲಿಟ್ಟುಕೊಂಡರೆ ನಿನ್ನನ್ನೇ ಒಳಗಿಡ್ತಾರೆ ಅಂದ. ಫೋಟೋ ತೆಗಿ, ಕೊಕ್ಕು, ರೆಕ್ಕೆ ಬಿಡಿಸಿ ಅಡಿಭಾಗ, ಕಾಲು ಎಲ್ಲ ಬರಲಿ. ದಿನ, ಜಾಗ ಬರೆದಿಡು. ಅರಣ್ಯ ಇಲಾಖೆಗೆ ಫೋನ್ ಮಾಡು. ಇದರ ಮೇಲೆ ಅಧ್ಯಯನ ಮಾಡೋರಿಗೆ ಅವರ ಮೂಲಕ ಹೋಗಬೇಕು, ನಿನ್ನ ಹವಾಯಿ ಚಪ್ಪಲಿ ಮೂಲಕ ಅಲ್ಲ ಅಂದ. ಈ ಮಾತನ್ನು ನಾನು ಮನೆಯಲ್ಲಿ ಹೇಳಿದೆ, ಹೆಂಡತಿ ಅದನ್ನು ಕೋಟೇಶ್ವರಕ್ಕೆ ಫೋನ್ ಮಾಡಿ ಹೇಳಿದಳು. "ಸತ್ತ್ ಹಕ್ಕಿಗೆ ಇಷ್ಟೆಲ್ಲಾ ಉಂಟಾ?" ಅಂತ ಅತ್ತೆ ನಕ್ಕರಂತೆ.

ಇಷ್ಟು ಬರೆದು ಹೇಗೆ ಮುಗಿಸೋದು ಅಂತ ತಿಳಿಯದೇ ಹಾಗೇ ಬಿಟ್ಟಿದ್ದೆ. ಗುರುವಾರ ಬೆಳಗ್ಗೆ ಅತ್ತೆಯ ಫೋನು, ನೇರ ನನಗೇ.

"ಹ್ವಾಯ್, ಇಲ್ಲೊಂದ್ ಹಕ್ಕಿ ಬಿದ್ದಿತ್ತ್. ಕಾಕಿ ಕುಕ್ತಾ ಇತ್ತ್. ಹೆಡಿಗೆ ಕವ್ಚಿ ಹಾಕಿದೆ. ಜೀವ ಇತ್ತ್ ಅದ್ಕೆ. ಎಂತ ಮಾಡುದ್ ಹೇಳಿ."

ಮೈದುನನ ಕೈಲಿ ಫೋಟೋ ತೆಗೆಸಿ ಗೆಳೆಯನಿಗೆ ಕಳಿಸಿದೆ. ಶಿಯರ್‌ವಾಟರ್ ಅಲ್ಲ, ರೀವ. ಬ್ರೈಡಲ್ಡ್ ಟರ್ನ್ ಅನ್ನೋ ಕಡಲರೀವದ ಮರಿ, ಗಾಳಿಗೆ ದಾರಿ ತಪ್ಪಿದೆ ಅಂದ. ಅಪರೂಪದ್ದೇನೂ ಅಲ್ಲವಂತೆ. ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂದು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದರು. ಅದುವರೆಗೂ ಅತ್ತೆ ಅಡುಗೆ ಬಿಟ್ಟು ಹೆಡಿಗೆಯ ಪಕ್ಕದಲ್ಲೇ ಕೂತಿದ್ದರಂತೆ, ಬೆಕ್ಕು ಬರುತ್ತೆ ಅಂತ.

ಸಂಜೆ ಸ್ಕೂಲಿನಿಂದ ಬಂದ ಮಗಳು ವಿಷಯ ಕೇಳಿದವಳೇ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಅಜ್ಜೀ, ಗರಿ ಏನಾದ್ರೂ ಬಿದ್ದಿತ್ತಾ?"

"ಎರಡ್ ಬಿದ್ದಿತ್ತ್ ಹೆಡಿಗೆ ಒಳ್ಗೆ. ನಾ ಇಟ್ಕಣ್ಲಿಲ್ಲ ಮಗಾ. ಕಾಗ್ದದಗೆ ಕಟ್ಟಿ, ಮೇಲೆ ತಾರೀಕ್ ಬರ್ದ್, ಅವ್ರ್ ಕೈಯಗೇ ಕೊಟ್ಟೆ."